ಲೇಖಕರನ್ನು ಮಾತಾಡಿಸುವಾಗ ಕೇಳಬೇಕಾದದ್ದು ಏನು?

ನಂದಿತಪ್ಪಲು (ಚಿಕ್ಕಬಳ್ಳಾಪುರ):

ಮಾನ್ಯರೆ, ಚಿಕ್ಕಬಳ್ಳಾಪುರದಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿ ತಿಂಗಳಿಗೊಂದು ಪುಸ್ತಕ ಓದಿ, ಸಾಧ್ಯವಾದಾಗ ಅದನ್ನು ಬರೆದವರನ್ನೇ ಕರೆಸಿ ಮಾತಾಡಿಸುವ ರೂಢಿ ಇಟ್ಟುಕೊಂಡಿದ್ದೇವೆ. ಆ ಮಾತುಕತೆಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಬರಹಕ್ಕಿಳಿಸಿ, ಬಳಗದವರಿಗೆಲ್ಲ ಹಂಚುವ ಕೆಲಸ ನನ್ನ ಪಾಲಿನದು. ಕಳೆದ ಸಲ ಒಬ್ಬ ಕಥೆಗಾರರು ಬಂದಿದ್ದರು. ಎರಡು ವಾರ ಕುಳಿತು 22 ಪ್ರಶ್ನೆಗಳನ್ನು ಬರೆದುಕೊಂಡಿದ್ದೆ. ಮೊದಲನೆಯದು, ನಿಮಗೆ ಬರೆಯಲು ಪ್ರೇರಣೆ ಏನು ಎಂಬುದು. ಅಜ್ಜಿ ಹೇಳುತ್ತಿದ್ದ ಕಥೆಗಳು, ಊರಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಕೇಳಿಕೆ ಎಂಬ ಬಯಲಾಟ, ಹೈಸ್ಕೂಲಿನ ಕನ್ನಡ ಮೇಷ್ಟ್ರು ಎಂದು ಅವರು ಹದಿನೈದು ನಿಮಿಷ ಸೊಗಸಾಗಿ ಮಾತಾಡಿದರು. ಸಭೆ ಚಪ್ಪಾಳೆ ತಟ್ಟಿತು. ಮನೆಗೆ ಬಂದು ಅವರ ಹಳೆಯ ಸಂದರ್ಶನವೊಂದನ್ನು ತೆಗೆದು ನೋಡಿದರೆ ಅದೇ ಅಜ್ಜಿ, ಅದೇ ಕೇಳಿಕೆ, ಅದೇ ಮೇಷ್ಟ್ರು, ಬಹುಮಟ್ಟಿಗೆ ಅವೇ ವಾಕ್ಯಗಳು. ಇದರಲ್ಲಿ ಅವರ ತಪ್ಪೇನೂ ಇಲ್ಲ. ನೂರು ಜನ ಕೇಳಿದ ಪ್ರಶ್ನೆಯನ್ನೇ ನೂರಾ ಒಂದನೆಯವನಾಗಿ ಕೇಳಿದವನು ನಾನು.

ನನಗೆ ನಿಜವಾಗಿ ತಿಳಿಯಬೇಕಾಗಿದ್ದುದು ಬೇರೆಯೇ ಇತ್ತು. ಅವರ ಒಂದು ಕಥೆ ಬೋರ್‌ವೆಲ್ ಕೊರೆಸುವ ರಾತ್ರಿಯದು. ಸಾವಿರ ಅಡಿ ದಾಟಿದರೂ ಬರೀ ದೂಳು ಮೇಲೇಳುವುದನ್ನು ಕಂಡಿರುವ ನಮ್ಮ ಕಡೆಯವರಿಗೆ ಆ ರಾತ್ರಿಯ ಎದೆಬಡಿತವನ್ನು ವಿವರಿಸಬೇಕಾಗಿಲ್ಲ. ಕಥೆಯ ಕೊನೆಯಲ್ಲಿ ನೀರು ಬಿತ್ತೋ ಇಲ್ಲವೋ ಎಂಬುದನ್ನು ಲೇಖಕರು ಹೇಳುವುದೇ ಇಲ್ಲ. ಲಾರಿಯ ಸದ್ದು ನಿಂತಿತು, ಒಳಗೆ ಮಲಗಿದ್ದ ಹೆಂಗಸು ಎದ್ದು ಕುಳಿತಳು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಈ ಕೊನೆ ಅವರಿಗೆ ಮೊದಲೇ ಹೊಳೆದಿತ್ತೇ, ಬರೆಯುತ್ತ ಬರೆಯುತ್ತ ಸಿಕ್ಕಿತೇ, ಅಥವಾ ಬೇರೊಂದು ಕೊನೆಯನ್ನು ಬರೆದು ಆಮೇಲೆ ಹೊಡೆದುಹಾಕಿದ್ದರೇ? ಕೇಳಬೇಕೆಂದುಕೊಂಡದ್ದು ಇದು. ಸಭೆಯಲ್ಲಿ ನನ್ನ ಬಾಯಿಂದ ಹೊರಟದ್ದು ಮಾತ್ರ, “ತಮ್ಮ ಬರವಣಿಗೆಯ ಪ್ರಕ್ರಿಯೆಯನ್ನು ಸ್ವಲ್ಪ ವಿವರಿಸಿ ಸರ್” ಎಂಬ ಮಾತು. ಬೆಳಗಿನ ಜಾವ ನಾಲ್ಕು ಗಂಟೆಗೆ ಏಳುತ್ತೇನೆ ಎಂದು ಅವರು ಉತ್ತರಿಸಿದರು.

ಇನ್ನೊಂದು ತೊಡಕು ಬರಹಕ್ಕಿಳಿಸುವಾಗ ಎದುರಾಯಿತು. ಅವರು ಬಾಗೇಪಲ್ಲಿ ಕಡೆಯವರು, ಮನೆಮಾತು ತೆಲುಗು. ವೇದಿಕೆಯ ಮೇಲೆ ಪುಸ್ತಕದ ಕನ್ನಡದಲ್ಲೇ ಉತ್ತರಿಸಿದವರು, ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಆ ಹೆಂಗಸಿನ ಪಾತ್ರದ ಬಗ್ಗೆ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಹತ್ತು ನಿಮಿಷ ಮಾತಾಡಿದರು. ಆ ದಿನದ ಸಾರವೆಲ್ಲ ಆ ಹತ್ತು ನಿಮಿಷದಲ್ಲಿತ್ತು, ಮೊಬೈಲ್ ಇನ್ನೂ ಚಾಲೂ ಇತ್ತು. ನಾನು ಅದಿಷ್ಟನ್ನೂ ಶುದ್ಧ ಕನ್ನಡಕ್ಕೆ ತಿದ್ದಿ, ಒಪ್ಪಿಗೆಗೆಂದು ಅವರಿಗೆ ಕಳಿಸಿದೆ. ಅವರು ಅಷ್ಟು ಭಾಗಕ್ಕೂ ಅಡ್ಡಗೆರೆ ಎಳೆದು, “ಇದು ನಾನಾಡಿದ ಮಾತಿನ ಹಾಗಿಲ್ಲ” ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದ್ದಾರೆ. ಅವರ ದೊಡ್ಡತನ, ಮುಂದಿನ ತಿಂಗಳು ಮತ್ತೊಮ್ಮೆ ಕೂರಲು ಒಪ್ಪಿದ್ದಾರೆ. ಈ ಸಲ ಏನು ಕೇಳಲಿ, ಕೇಳಿದ್ದನ್ನು ಹೇಗೆ ಬರೆಯಲಿ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಕಲ್ಪತರು (ತಿಪಟೂರು):

ನಾನು ಎರಡು ಕಥಾಸಂಕಲನಗಳನ್ನು ಪ್ರಕಟಿಸಿದವನು, ಅಂದರೆ ನಿಮ್ಮ ಎದುರಿನ ಕುರ್ಚಿಯಲ್ಲಿ ಕುಳಿತವನು. ಆ ಕಡೆಯಿಂದ ಒಂದು ಮಾತು ಹೇಳಬೇಕು. ಪ್ರಕ್ರಿಯೆಯ ಬಗ್ಗೆ ಕೇಳಿದಾಗ ನಾವು ಸುಳ್ಳು ಹೇಳುವುದಿಲ್ಲ, ಆದರೆ ನಿಜವೂ ನಮ್ಮ ಬಳಿ ಉಳಿದಿರುವುದಿಲ್ಲ. ಕಥೆ ಅಚ್ಚಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಬರೆದವನ ನೆನಪಿನಲ್ಲಿ ಅಡ್ಡದಾರಿಗಳೆಲ್ಲ ಅಳಿಸಿಹೋಗಿ, ನೆಟ್ಟಗೆ ನಡೆದು ಬಂದಂತೆ ಒಂದೇ ದಾರಿ ಕಾಣಿಸುತ್ತದೆ. ಮೊದಲಿನಿಂದಲೂ ಹೀಗೇ ಅಂದುಕೊಂಡಿದ್ದೆ ಎಂದು ಅವನು ಪ್ರಾಮಾಣಿಕವಾಗಿಯೇ ನಂಬಿಬಿಡುತ್ತಾನೆ. ನೆನಪಿಗಿಂತ ಕಾಗದವನ್ನು ನಂಬುವುದು ಮೇಲು.

ಇದಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. ಅರ್ನೆಸ್ಟ್ ಹೆಮಿಂಗ್ವೆ 1958ರಲ್ಲಿ ಪ್ಯಾರಿಸ್ ರಿವ್ಯೂ ಪತ್ರಿಕೆಗಾಗಿ ಜಾರ್ಜ್ ಪ್ಲಿಂಪ್ಟನ್ ಅವರೊಡನೆ ಮಾತಾಡುತ್ತ, 1929ರಲ್ಲಿ ಪ್ರಕಟವಾದ ತಮ್ಮ ಯುದ್ಧಕಾಲದ ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆ ಎಂದರು. ತೊಂದರೆ ಏನಿತ್ತು ಎಂದು ಕೇಳಿದ್ದಕ್ಕೆ, ಪದಗಳನ್ನು ಸರಿಯಾಗಿ ಕೂರಿಸುವುದೇ ತೊಂದರೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಜಾಣತನದ ಉತ್ತರ, ಆದರೆ ಅದರಿಂದ ನಾವು ಕಲಿಯುವುದು ಕಡಿಮೆ. ಬಾಸ್ಟನ್ನಿನ ಕೆನಡಿ ಗ್ರಂಥಾಲಯದಲ್ಲಿರುವ ಅವರ ಹಸ್ತಪ್ರತಿಗಳನ್ನು ಜಾಲಾಡಿ, ಆ ಕಾದಂಬರಿಯ ಬೇರೆ ಬೇರೆ ಕೊನೆಗಳನ್ನು 2012ರ ಆವೃತ್ತಿಯಲ್ಲಿ ಅಚ್ಚು ಹಾಕಿದಾಗ ಅವು 47 ಇದ್ದವು. ಲೆಕ್ಕ ತಪ್ಪಿದ್ದು ದೊಡ್ಡ ಸಂಗತಿಯಲ್ಲ. ಅವರು ಯಾವ ವಾಕ್ಯವನ್ನು ಇಟ್ಟು ನೋಡಿ ಬಿಟ್ಟರು, ಎಲ್ಲಿ ಸಮಾಧಾನದ ಮಾತು ಬರೆದು ಮತ್ತೆ ಕಿತ್ತುಹಾಕಿದರು ಎಂಬುದು ಆ ಕಾಗದಗಳಲ್ಲಿ ಕಾಣುವಂತೆ ಸಂದರ್ಶನದಲ್ಲಿ ಕಾಣುವುದಿಲ್ಲ.

ಆದ್ದರಿಂದ ನಿಮ್ಮ ಕಥೆಗಾರರಿಗೆ ಈಗಲೇ ಫೋನ್ ಮಾಡಿ, ಆ ಬೋರ್‌ವೆಲ್ ಕಥೆಯ ಕರಡು ಉಳಿದಿದ್ದರೆ ತರಲು ವಿನಂತಿಸಿ. ಕೊನೆಯ ಪುಟವನ್ನು ಮೇಜಿನ ಮೇಲಿಟ್ಟು, ಈ ಸಾಲನ್ನು ಯಾಕೆ ಹೊಡೆದಿದ್ದೀರಿ ಎಂದು ಬೆರಳಿಟ್ಟು ಕೇಳಿ. ಆಗ ಅಜ್ಜಿ ಅಡ್ಡ ಬರುವುದಿಲ್ಲ. ಬರೆಯಲಾಗದೆ ಕೈಬಿಟ್ಟದ್ದರ ಬಗ್ಗೆಯೂ ಕೇಳಬಹುದು. ಅದೇ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ, 1953ರಲ್ಲಿ, ಇ.ಎಂ. ಫಾರ್ಸ್ಟರ್ ಅವರ ಸಂದರ್ಶನವಿತ್ತು. 1924ರ ನಂತರ ಅವರು ಹೊಸ ಕಾದಂಬರಿಯನ್ನೇ ಪ್ರಕಟಿಸಿರಲಿಲ್ಲ. ಸಂದರ್ಶಕರು ಗೆದ್ದ ಪುಸ್ತಕಗಳನ್ನು ಬದಿಗಿಟ್ಟು, ಅವರು ಅರ್ಧಕ್ಕೆ ನಿಲ್ಲಿಸಿದ ‘ಆರ್ಕ್ಟಿಕ್ ಸಮ್ಮರ್’ ಕಾದಂಬರಿಯಿಂದ ಮಾತು ತೆಗೆದರು. ಕೈಕೊಟ್ಟ ಬರಹದ ಬಗ್ಗೆ ಯಾರ ಬಳಿಯೂ ಸಿದ್ಧ ಉತ್ತರವಿರುವುದಿಲ್ಲ.

ಯಾವುದರ ಮೇಲೆ ಬರೆಯುತ್ತೀರಿ ಎಂಬುದು ಹಗುರವಾದ ಪ್ರಶ್ನೆಯೆಂದು ಬಿಡಬೇಡಿ. ನಾನು ಬಹಳ ವರ್ಷ ಇಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಹರಾಜಿನ ದಿನ ಬಿಟ್ಟು ಉಳಿದ ದಿನಗಳಲ್ಲಿ ಮಧ್ಯಾಹ್ನ ಬಿಡುವು ಸಿಗುತ್ತಿತ್ತು. ಮೊದಲ ಸಂಕಲನ ಪೂರ್ತಿ ಅಂಗೈಯಗಲದ ತೂಕದ ಚೀಟಿಗಳ ಹಿಂಬದಿಯಲ್ಲಿ ಬರೆದದ್ದು. ಎರಡನೆಯದನ್ನು ಕಂಪ್ಯೂಟರಿನಲ್ಲಿ, ನುಡಿ ತಂತ್ರಾಂಶದಲ್ಲಿ ಬರೆದೆ. ಹಿಂದಿನದರಲ್ಲಿ ಚುಟುಕು ಚುಟುಕಾಗಿದ್ದ ಪ್ಯಾರಾಗಳು ಇದರಲ್ಲಿ ಯಾಕೆ ಇಷ್ಟುದ್ದ ಎಂದು ಒಬ್ಬ ಓದುಗರು ಕೇಳುವವರೆಗೂ, ಚೀಟಿ ಮುಗಿದಲ್ಲಿಗೆ ನನ್ನ ಪ್ಯಾರಾ ಮುಗಿಯುತ್ತಿತ್ತು ಎಂಬುದು ನನಗೇ ಗೊತ್ತಿರಲಿಲ್ಲ. ನನ್ನನ್ನು ಕೇಳಿದ ಪ್ರಶ್ನೆಗಳಲ್ಲಿ ನನಗೆ ಏನಾದರೂ ಕಲಿಸಿದ್ದು ಅದೊಂದೇ.

ಏಕಶಿಲೆ (ಮಧುಗಿರಿ):

ನನ್ನದು ಭಿನ್ನಮತ, ಕ್ಷಮಿಸಿ. ನೀರು ಬಿತ್ತೋ ಇಲ್ಲವೋ ಎಂಬುದನ್ನು ಲೇಖಕರು ಬೇಕೆಂದೇ ಓದುಗರಿಗೆ ಬಿಟ್ಟಿದ್ದಾರೆ. ಈಗ ಅವರನ್ನು ಕೂರಿಸಿ, ಕರಡು ತರಿಸಿ ಕೇಳಿದಾಗ ಅವರು ಮೆತ್ತಗೆ, “ನೀರು ಬಿದ್ದಿತ್ತು” ಎಂದುಬಿಟ್ಟರೆ ಆ ಕಥೆಯ ಗತಿಯೇನು? ಆಮೇಲೆ ಅದನ್ನು ಓದುವವರೆಲ್ಲ ಒದ್ದೆ ನೆಲದ ಮೇಲೇ ನಿಂತು ಓದಬೇಕಾಗುತ್ತದೆ. ಅಡುಗೆ ಉಣ್ಣಲು ಒಲೆಯೊಳಗೆ ಇಣುಕಬೇಕಾಗಿಲ್ಲ. ಲೇಖಕರನ್ನು ಕರೆಸಿ, ಊಟ ಹಾಕಿ, ಅವರ ಕಥೆಯೊಂದನ್ನು ಅವರ ಬಾಯಿಂದಲೇ ಓದಿಸಿ ಕೇಳಿದರೆ ನನ್ನ ಮಟ್ಟಿಗೆ ಸಾಕು.

ಅಂತರಗಂಗೆ (ಕೋಲಾರ):

ಮಧುಗಿರಿಯವರ ಭಯದಲ್ಲಿ ಅರ್ಧ ಸತ್ಯವಿದೆ. ಕಥೆಯೊಳಗೆ ಮುಂದೇನಾಯಿತು ಎಂದು ಕೇಳುವುದು ಬೇರೆ, ಕಥೆಯನ್ನು ಹೀಗೇಕೆ ಕಟ್ಟಿದಿರಿ ಎಂದು ಕೇಳುವುದು ಬೇರೆ. ನೀರು ಬಿತ್ತೇ ಎಂದು ಕೇಳಬಾರದು. ಲಾರಿಯ ಸದ್ದು ನಿಂತದ್ದನ್ನು ಹೊರಗೆ ನಿಂತ ಗಂಡಸಿನ ಕಣ್ಣಿಂದ ತೋರಿಸದೆ, ಒಳಗೆ ಮಲಗಿದ ಹೆಂಗಸಿನ ಕಿವಿಗೆ ಏಕೆ ಕೇಳಿಸಿದಿರಿ ಎಂದು ಕೇಳಬಹುದು. ಈ ಪ್ರಶ್ನೆಯಿಂದ ಕಥೆಗೆ ಯಾವ ಹಾನಿಯೂ ಆಗದು.

ನನಗೆ ಹೆಚ್ಚು ಹೇಳಬೇಕೆನಿಸುವುದು ಬರಹಕ್ಕಿಳಿಸುವ ವಿಷಯದಲ್ಲಿ. ನಾನು ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಹಲವು ಹಿರಿಯರ ಮಾತನ್ನು ಬರೆದುಕೊಂಡವನು. ಒಂದು ಗಂಟೆಯ ಮಾತಿಗೆ ಐದು ಗಂಟೆಯ ಬರವಣಿಗೆ ಎಂಬುದು ನನ್ನ ಲೆಕ್ಕ, ತೆಲುಗು ಬೆರೆತರೆ ಏಳು. ನಮ್ಮ ಗಡಿಸೀಮೆಯಲ್ಲಿ ಮನೆಯೊಳಗೊಂದು ಭಾಷೆ, ಪುಸ್ತಕದಲ್ಲೊಂದು ಭಾಷೆ ಎಂಬುದು ಯಾರಿಗೂ ಹೊಸದಲ್ಲ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂದದ್ದು ಕನ್ನಡದ ಬರಹಕ್ಕೆ. ಹಾಗಿರುವಾಗ ಲೇಖಕರು ಯಾವ ಗಳಿಗೆಯಲ್ಲಿ ಮನೆಮಾತಿಗೆ ಜಾರಿದರು ಎಂಬುದು ತಿದ್ದಿ ಮರೆಮಾಡಬೇಕಾದ ದೋಷವಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಆ ಹೆಂಗಸು ಅವರ ತಲೆಯೊಳಗೆ ತೆಲುಗಿನಲ್ಲೇ ಮಾತಾಡುತ್ತಿರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನಾನು ಮಾತಾಡಿಸಿದ ಒಬ್ಬರು ತಮ್ಮ ಪಾತ್ರದ ಸಂಕಟವನ್ನು ಹೇಳುತ್ತ “ಕಡುಪು ತರುಕ್ಕುಪೋಯಿಂದಿ” ಎಂದರು. ಮೊದಲು ಅದನ್ನು ‘ಬಹಳ ದುಃಖವಾಯಿತು’ ಎಂದು ಬರೆದು, ನನಗೇ ನಾಚಿಕೆಯಾಗಿ ಹೊಡೆದೆ. ‘ಹೊಟ್ಟೆ ಕತ್ತರಿಸಿಹೋಯಿತು’ ಎಂದರೆ ಆಸ್ಪತ್ರೆಯ ಮಾತಾಗುತ್ತದೆ. ‘ಕರುಳು ಕಿತ್ತು ಬಂದಂತಾಯಿತು’ ಎಂಬುದು ಹತ್ತಿರ ಬಂತು, ಆದರೂ ಅದು ಅವರ ಮಾತಲ್ಲ, ನನ್ನದು. ಕೊನೆಗೆ ತೆಲುಗನ್ನು ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಸಿ, ಮುಂದಿನ ವಾಕ್ಯದಲ್ಲಿ ಅರ್ಥ ತಾನಾಗಿ ತಿಳಿಯುವಂತೆ ನೋಡಿಕೊಂಡೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಓದುಗರಿಗೆ ಅದಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ. ಬೇರೆ ಕಡೆಯವರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ. ಎಲ್ಲವನ್ನೂ ಹೀಗೆ ಉಳಿಸಲಾಗದು, ಓದುವವರು ಸುಸ್ತಾಗುತ್ತಾರೆ. ಲೇಖಕರ ದನಿ ಬದಲಾದ ಕಡೆ ಮಾತ್ರ ಉಳಿಸಿ, ಉಳಿದದ್ದನ್ನು ಆಡುಗನ್ನಡದ ಧಾಟಿ ಕೆಡದಂತೆ ಕನ್ನಡಕ್ಕೆ ತನ್ನಿ.

ಆಡಿದ ಮಾತು ಪುಸ್ತಕವಾಗಿಯೂ ನಿಲ್ಲಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಅನಂತಮೂರ್ತಿಯವರ ಆತ್ಮಕಥನ ‘ಸುರಗಿ’ ಅವರು ಹೇಳುತ್ತ ಹೋದದ್ದನ್ನು ಜ.ನಾ. ತೇಜಶ್ರೀ ಬರಹಕ್ಕಿಳಿಸಿದ್ದು. ಯಂತ್ರದ ನೆರವಿಲ್ಲದೆಯೂ ಈ ಕೆಲಸ ನಡೆದಿದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ತಾವು ಕಂಡವರ ಮಾತಿನ ಬೆಡಗನ್ನು ಬರೀ ಜ್ಞಾಪಕದಿಂದಲೇ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ತಂದಿದ್ದಾರೆ. ಪ್ಯಾರಿಸ್ ರಿವ್ಯೂನ ಆರಂಭದ ದಿನಗಳಲ್ಲಿ ಸಂದರ್ಶಕರು ಇಬ್ಬರಾಗಿ ಹೋಗಿ, ಇಬ್ಬರೂ ಕೈಬರಹದಲ್ಲಿ ಬರೆದುಕೊಂಡು, ಆಮೇಲೆ ಎರಡನ್ನೂ ಹೋಲಿಸಿ ನೋಡುತ್ತಿದ್ದರು. ಅಚ್ಚಿಗೆ ಹೋಗುವ ಮುನ್ನ ಲೇಖಕರಿಗೆ ತೋರಿಸಿ, ತಿದ್ದಲು ಬಿಡುತ್ತಿದ್ದರು. ಅದು ಉದಾರತೆಯಷ್ಟೇ ಅಲ್ಲ. ಲೇಖಕರು ತಮ್ಮ ಮಾತನ್ನು ಹೇಗೆ ತಿದ್ದುತ್ತಾರೆ ಎಂಬುದೂ ಅವರ ಬರವಣಿಗೆಯ ಕ್ರಮವೇ ಅಲ್ಲವೇ? ನಿಮಗೆ ಹಿಂದಿರುಗಿ ಬಂದ ಅಡ್ಡಗೆರೆಯ ಹಾಳೆಗಳನ್ನು ಎಸೆಯಬೇಡಿ.

ಕೊನೆಯದಾಗಿ ಒಂದು ಆಕ್ಷೇಪ. ಕಾಫಿಯ ಹೊತ್ತಿನಲ್ಲಿ ಮೊಬೈಲ್ ಚಾಲೂ ಇದ್ದುದು ಅವರಿಗೆ ತಿಳಿದಿತ್ತೇ? ತಿಳಿಯದಿದ್ದರೆ ಅವರು ಹೊಡೆದುಹಾಕಿದ್ದು ನಿಮ್ಮ ಶುದ್ಧ ಕನ್ನಡದ ಕಾರಣಕ್ಕೆ ಮಾತ್ರ ಇರಲಾರದು.

ನಂದಿತಪ್ಪಲು (ಚಿಕ್ಕಬಳ್ಳಾಪುರ):

ಕೋಲಾರದವರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಅವರಿಗೆ ತಿಳಿದಿರಲಿಲ್ಲ. ನಿನ್ನೆ ಸಂಜೆ ಫೋನ್ ಮಾಡಿ ಮೊದಲು ಅದನ್ನೇ ಒಪ್ಪಿಕೊಂಡು ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಾಗಿತ್ತು ಬಿಡಪ್ಪ, ಇನ್ನೊಂದ್ಸಲ ಮುಂಚೆ ಹೇಳು” ಎಂದರು. ಆ ಹತ್ತು ನಿಮಿಷದ ಮುದ್ರಣವನ್ನು ಅವರಿಗೆ ಕಳಿಸಿ, ನನ್ನ ಮೊಬೈಲಿನಿಂದ ಅಳಿಸಿದ್ದೇನೆ. ಮನಸ್ಸಿದ್ದರೆ ಅವರೇ ಆ ಮಾತನ್ನು ಮತ್ತೆ ತೆಗೆಯಲಿ.

ಕರಡಿನ ವಿಷಯ ಎತ್ತಿದಾಗ ಮಾತ್ರ ಅವರ ದನಿಯೇ ಬೇರೆಯಾಯಿತು. ನೋಟ್‌ಬುಕ್ ಇದೆಯಂತೆ, ಜಮೀನಿನ ಪಹಣಿ, ಹಳೆಯ ಕರೆಂಟ್ ಬಿಲ್ಲುಗಳ ಜೊತೆ ಟ್ರಂಕಿನಲ್ಲಿದೆಯಂತೆ. ಆ ಕಥೆಗೆ ಮೊದಲು ಇನ್ನೂ ಎರಡು ಪುಟ ಇದ್ದವು, ಆ ಎರಡು ಪುಟದಲ್ಲಿ ಹೆಂಗಸು ಹೊರಗೆ ಬರುತ್ತಾಳೆ ಎಂದಷ್ಟೇ ಹೇಳಿ, ಉಳಿದದ್ದನ್ನು ಪುಟ ನೋಡುತ್ತಲೇ ಮಾತಾಡೋಣ ಎಂದು ಇಟ್ಟುಬಿಟ್ಟರು. ನನ್ನ 22 ಪ್ರಶ್ನೆಗಳ ಹಾಳೆಯನ್ನು ಬದಿಗಿಟ್ಟಿದ್ದೇನೆ. ಈ ಸಲ ಆ ಎರಡು ಪುಟ, ಮತ್ತು ಕೋಲಾರದವರು ಹೇಳಿದ ಕಿವಿಯ ಪ್ರಶ್ನೆ, ಇಷ್ಟೇ ಇಟ್ಟುಕೊಂಡು ಹೋಗುತ್ತೇನೆ.

ಕಲ್ಪತರು (ತಿಪಟೂರು):

ಬಹಳ ಸಂತೋಷ. ಅವರು ಒಪ್ಪಿದರೆ ಆ ಎರಡು ಪುಟಗಳ ಚಿತ್ರ ತೆಗೆದು ಬರಹದ ಜೊತೆಗೇ ಅಚ್ಚು ಹಾಕಿ. ಹೊಡೆದ ಸಾಲುಗಳು ಓದಲು ಬರುವಂತಿರಲಿ.

ಏಕಶಿಲೆ (ಮಧುಗಿರಿ):

ಚಿತ್ರ ಹಾಕುವುದಾದರೆ ದಯವಿಟ್ಟು ಒಂದು ವಾರ ತಡೆಯಿರಿ, ಮತ್ತು ಸಂಕಲನದ ಹೆಸರನ್ನು ನನಗೆ ಖಾಸಗಿಯಾಗಿ ತಿಳಿಸಿ. ನಾನು ಆ ಕಥೆಯನ್ನು ಇನ್ನೂ ಓದಿಲ್ಲ.