ಟೆಸೆರಾಕ್ಟ್ 5 ಬಿಲ್ಡ್ ಮಾಡೋಕೋದ್ರೆ ಲೆಪ್ಟೋನಿಕಾ ಇಲ್ಲ ಅಂತದೆ, ಆದ್ರೆ ಐತೆ!

ಗುಬ್ಬಿ_ಲಿನಕ್ಸ್:
ನಮಸ್ಕಾರ ಎಲ್ರಿಗೂ. ತಾತನ ಕಾಲದ ಭಜನೆ ಪುಸ್ತಕಗಳು ಮನೇಲಿದಾವೆ, ಸ್ಕ್ಯಾನ್ ಮಾಡಿಟ್ಟಿದೀನಿ, ಅದನ್ನ ಟೆಸೆರಾಕ್ಟಲ್ಲಿ (ಚಿತ್ರದಲ್ಲಿರೋ ಅಕ್ಷರ ಓದೋ ಪ್ರೋಗ್ರಾಂ) ಟೆಕ್ಸ್ಟ್ ಮಾಡ್ಬೇಕು. ಉಬುಂಟು 22.04 ಹಾಕಿರೋ ಹಳೇ ಡೆಸ್ಕ್‌ಟಾಪು, ಅದ್ರ ಆಪ್ಟಲ್ಲಿ (ಪ್ಯಾಕೇಜ್ ಹಾಕೋ ಕಮಾಂಡು) ಬರೋದು ಟೆಸೆರಾಕ್ಟ್ 4.1.1, ನಂಗೆ 5 ಬೇಕು ಅಂತ ಗಿಟ್‌ಹಬ್ಬಿಂದ ಸೋರ್ಸ್ ಇಳಿಸ್ಕೊಂಡು ಆಟೋಜೆನ್ ಓಡಿಸ್ದೆ ಸರಿಹೋಯ್ತು, ಕಾನ್ಫಿಗರ್ ಕೊಟ್ರೆ ಲೆಪ್ಟೋನಿಕಾ (ಚಿತ್ರ ಓದೋಕೆ ಟೆಸೆರಾಕ್ಟ್ ಬಳಸೋ ಲೈಬ್ರರಿ) 1.74 ಇಲ್ಲಾ ಅದಕ್ಕಿಂತ ಹೊಸದು ಬೇಕು ಅಂತ ನಿಂತೋಗ್ತದೆ. ಲಿಬ್‌ಲೆಪ್ಟ್5 (ಅದೇ ಲೆಪ್ಟೋನಿಕಾದ ಪ್ಯಾಕೇಜು) ಆಗ್ಲೇ ಐತಲ್ಲ ಸಿಸ್ಟಮಲ್ಲಿ?? ಇನ್ನೊಂದು, ನಮ್ ಕಡೆ ಕರೆಂಟ್ ಯಾವಾಗ ಹೋಗ್ತದೋ ಹೇಳಕ್ಕಾಗಲ್ಲ, ಯುಪಿಎಸ್ ಬೇರೆ ಇಲ್ಲ. ಮೇಕ್ (ಬಿಲ್ಡ್ ಮಾಡೋ ಕಮಾಂಡು) ಅರ್ಧಕ್ಕೆ ನಿಂತ್ರೆ ಮತ್ತೆ ಮೊದ್ಲಿಂದಾನಾ?

ಚಿಂತಾಮಣಿ_ಟರ್ಮಿನಲ್:
ಗುರು, ಲಿಬ್‌ಲೆಪ್ಟ್5 ಬರೀ ಪ್ರೋಗ್ರಾಂ ಓಡ್ಸೋಕೆ. ಬಿಲ್ಡ್ ಮಾಡೋಕೆ ಹೆಡರ್ ಫೈಲು (ಲೈಬ್ರರಿಲಿ ಏನೇನಿದೆ ಅಂತ ಕಂಪೈಲರಿಗೆ ಹೇಳೋದು) ಬೇಕು, ಉಬುಂಟು ಡೆಬಿಯನ್ ಎರಡ್ರಲ್ಲೂ ಅದನ್ನ ಡೆವ್ ಅಂತ ಬೇರೆ ಪ್ಯಾಕೇಜಲ್ಲಿ ಇಟ್ಟಿರ್ತಾರೆ. ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಲೆಪ್ಟೋನಿಕಾ-ಡೆವ್ ಹೊಡಿ, ಕಾನ್ಫಿಗರ್ ಇನ್ನೊಂದ್ಸಲ ಓಡ್ಸು. ಆಗ್ಲೂ ಕಿರಿಕ್ ಅಂದ್ರೆ ಅದೇ ಫೋಲ್ಡರಲ್ಲಿ ಕಾನ್ಫಿಗ್ ಲಾಗ್ ಇರ್ತದೆ, ಅದ್ರಲ್ಲಿ ಲೆಪ್ಟ್ ಅಂತ ಹುಡ್ಕು, ಕೊನೇ ಲೈನ್ ನೋಡಿ ಉಪಯೋಗ ಇಲ್ಲ, ಅಲ್ಲಿ ಬರೀ ಕಸ.
ಲೆಪ್ಟೋನಿಕಾನೂ ಸೋರ್ಸಿಂದಾನೇ ಮಾಡ್ತೀನಿ ಅಂತ ಮಾತ್ರ ಹೋಗ್ಬೇಡ. ಪಿಎನ್‌ಜಿ, ಜೆಪೆಗ್, ಟಿಫ್ ಇವುಗಳ ಡೆವ್ ಇಲ್ದೇ ಇದ್ರೂ ಅದು ತೆಪ್ಪಗೆ ಬಿಲ್ಡ್ ಆಗ್ಬಿಡ್ತದೆ, ಆಮೇಲೆ ಚಿತ್ರ ಕೊಟ್ರೆ ಓದಲ್ಲ, ಟೆಸೆರಾಕ್ಟಿಗೇ ಬೈಕೊಂಡು ಕೂತಿರ್ತೀಯ.

ಕೋಲಾರದವ್ನು:
ಕರೆಂಟ್ ವಿಷ್ಯ ಹೇಳ್ತೀನಿ. ಮೊದ್ಲಿಂದ ಏನ್ ಬೇಡ, ಮೇಕ್ ಫೈಲುಗಳ ಟೈಮ್ ನೋಡ್ಕೊಂಡು ಆಗಿರೋದನ್ನ ಬಿಟ್ಟು ಮುಂದಕ್ಕೆ ಹೋಗ್ತದೆ. ಆದ್ರೆ ದಿಢೀರ್ ಅಂತ ಆಫ್ ಆದಾಗ ಕೊನೇಲಿ ಬರೀತಿದ್ದ ಆಬ್ಜೆಕ್ಟ್ ಫೈಲು (ಡಾಟ್ ಓ) ಸೊನ್ನೆ ಸೈಜಲ್ಲಿ ಉಳ್ಕೊಂಡಿರಬೋದು, ಮೇಕಿಗೆ ಅದು ಮುಗಿದಿರೋ ಫೈಲ್ ಥರಾನೇ ಕಾಣ್ತದೆ, ಕೊನೆಗೆ ಲಿಂಕ್ ಮಾಡೋವಾಗ ಎಡವಟ್ಟು. ಡಾಟ್ ಓ ಫೈಲುಗಳಲ್ಲಿ ಸೊನ್ನೆ ಸೈಜಿನವ್ನ ಹುಡುಕಿ ಅಳಿಸಿ ಮತ್ತೆ ಮೇಕ್ ಕೊಡಿ. ರ‍್ಯಾಮ್ ಎಷ್ಟಿದೆ? 4 ಜಿಬಿ ಆದ್ರೆ ಮೇಕ್ -ಜೆ2 (ಒಂದೇ ಸಲಕ್ಕೆ ಎರಡು ಕೆಲಸ) ಸಾಕು. ಬರೀ -ಜೆ ಅಂತ ಕೊಟ್ರೆ ಲಿಮಿಟ್ಟೇ ಇರಲ್ಲ, ರ‍್ಯಾಮ್ ತುಂಬಿ ಕಂಪೈಲರನ್ನೇ ಕರ್ನಲ್ ಸಾಯ್ಸಿಬಿಡ್ತದೆ.
ಅಂದಹಾಗೆ 5 ಯಾಕೆ ಬೇಕೇ ಬೇಕು? ಆಪ್ಟಲ್ಲಿ ಬರೋ ಕನ್ನಡ ಡೇಟಾ ಫಾಸ್ಟ್ ಮಾಡೆಲ್ಲು. ಟೆಸ್‌ಡೇಟಾ-ಬೆಸ್ಟ್ ಅಂತ ಬೇರೆ ರೆಪೊ ಐತೆ, ಅದ್ರಲ್ಲಿರೋ ಕನ್ನಡ ಫೈಲು 4ರಲ್ಲೂ ನಡೀತದೆ, ನಿಧಾನ ಅಷ್ಟೆ. ನಾನಾಗಿದ್ರೆ ಮೊದ್ಲು ಅದನ್ನ ನೋಡ್ತಿದ್ದೆ.

ಗುಬ್ಬಿ_ಲಿನಕ್ಸ್:
ಡೆವ್ ಹಾಕಿದ್ ತಕ್ಷಣ ಕಾನ್ಫಿಗರ್ ಪಾಸ್, ಮೇಕ್ ಇನ್‌ಸ್ಟಾಲೂ ಆಯ್ತು, ಥ್ಯಾಂಕ್ಸ್ ಅಣ್ಣ! ಈಗ ಟೆಸೆರಾಕ್ಟ್ ಅಂತ ಹೊಡುದ್ರೆ ಲಿಬ್‌ಟೆಸೆರಾಕ್ಟ್ ಡಾಟ್ ಎಸ್‌ಓ ಡಾಟ್ 5 ಸಿಗ್ತಿಲ್ಲ ಅಂತದೆ 😭

ಚಿಂತಾಮಣಿ_ಟರ್ಮಿನಲ್:
ಸುಡೋ ಎಲ್‌ಡಿಕಾನ್ಫಿಗ್ ಹೊಡಿ, ಹೊಸ ಲೈಬ್ರರಿ ಎಲ್ಲಿದೆ ಅಂತ ಸಿಸ್ಟಮಿಗೆ ಗೊತ್ತಾಗ್ತದೆ. ಅದಾದ್ಮೇಲೆ ಕನ್ನಡ ಡೇಟಾ ಇಲ್ಲ ಅಂತದೆ ನೋಡ್ತಿರು, ಕೋಲಾರದವ್ರು ಹೇಳಿದ ಬೆಸ್ಟ್ ಫೈಲನ್ನ ಯೂಸರ್ ಲೋಕಲ್ (/usr/local) ಒಳಗೆ ಶೇರ್, ಅದ್ರೊಳಗೆ ಟೆಸ್‌ಡೇಟಾ ಫೋಲ್ಡರಿಗೆ ಹಾಕು.