ಕಾಡ್ಗಿಚ್ಚಿನ ಹಸಿರುಮನೆ ಅನಿಲ: 1990ರಿಂದ ಈಚಿನ ಭಾರತದ ಗ್ರಾಫ್ ಎಷ್ಟು ನಂಬಬಹುದು? ನಮ್ಮ ಗುಡ್ಡದ ಲೆಕ್ಕ ಹೇಗೆ?

ಗಿರಿಸಾಲು, ಚಿಕ್ಕಮಗಳೂರು

ಭಾರತದ ಕಾಡ್ಗಿಚ್ಚಿನಿಂದ ವರ್ಷವಾರು ಎಷ್ಟು ಅನಿಲ ಹೊರಬಿದ್ದಿದೆ ಅಂತ ಒಂದು ಗ್ರಾಫ್ ಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಅಂಕಿಯಲ್ಲಿ 1990ರಿಂದ ಐದಾರು ವರ್ಷ ಗೆರೆ ಮಟ್ಟಸ, ಆಮೇಲೆ ಏರಿಳಿತ. ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಬೆಂಕಿ ಎಚ್ಚರಿಕೆಗಳ ಎಣಿಕೆಯಂತೂ ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಜಿಗಿದಿದೆ. ಕಾಡು ನಿಜವಾಗಿ ಅಷ್ಟು ಹೆಚ್ಚು ಉರಿಯಿತೇ?

ಇನ್ನೊಂದು, ಬಾಬಾಬುಡನ್‌ಗಿರಿ ಹುಲ್ಲುಗಾವಲಿನ 100 ಹೆಕ್ಟೇರ್ ಮತ್ತು ಮುತ್ತೋಡಿ ಕಡೆಯ ಎಲೆ ಉದುರುವ ಕಾಡಿನ 100 ಹೆಕ್ಟೇರ್ ಸುಟ್ಟರೆ, ಅನಿಲದ ಲೆಕ್ಕಕ್ಕೆ ಎರಡಕ್ಕೂ ಒಂದೇ ಗುಣಾಂಕ ಹಾಕಬಹುದೇ?

ಉಪಗ್ರಹದ ಕಣ್ಣು

ಮೊದಲು ಗ್ರಾಫ್. 1990ರಿಂದ 95ರವರೆಗಿನ ಮಟ್ಟಸ ಗೆರೆ ಅಳತೆಯಲ್ಲ, ಮುಂದಿನ ವರ್ಷಗಳ ಸರಾಸರಿ ತೆಗೆದು ತುಂಬಿದ್ದು. ಆ ಆರು ವರ್ಷಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸಿ, ಇಲ್ಲವೇ ಬಿಟ್ಟೇಬಿಡಿ. ಅವನ್ನೂ ಸೇರಿಸಿ ಟ್ರೆಂಡ್ ಎಳೆದರೆ ಬರುವ ಇಳಿಜಾರಿಗೆ ಅರ್ಥವಿಲ್ಲ.

ಎಚ್ಚರಿಕೆಗಳು ಜಿಗಿದದ್ದು ಬಹುಪಾಲು ಕ್ಯಾಮೆರಾ ಬದಲಾದದ್ದರಿಂದ. ಹಳೆಯ ಉಪಗ್ರಹ ಸಂವೇದಕ ಮೋಡಿಸ್‌ನ ಚೌಕ 1 ಕಿ.ಮೀ., ಅಂದರೆ 100 ಹೆಕ್ಟೇರ್. ಹೊಸದಾದ ವಿಐಐಆರ್‌ಎಸ್‌ನದ್ದು 375 ಮೀಟರ್, ಸುಮಾರು 14 ಹೆಕ್ಟೇರ್. ಮೋಡಿಸ್‌ಗೆ ಕಾಣದ ಸಣ್ಣ ಬೆಂಕಿ ಇದಕ್ಕೆ ಕಾಣುತ್ತದೆ, ದೊಡ್ಡ ಬೆಂಕಿಯೊಂದು ಹತ್ತಾರು ಚುಕ್ಕೆಗಳಾಗಿ ಬೀಳುತ್ತದೆ. ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಬೇಡಿ. ವಿಐಐಆರ್‌ಎಸ್ ಒಂದನ್ನೇ ಹಿಡಿದರೆ ನವೆಂಬರ್‌ನಿಂದ ಜೂನ್‌ವರೆಗಿನ ಋತುವಿನಲ್ಲಿ 2020-21ಕ್ಕೆ 3,45,989 ಚುಕ್ಕೆ, 2021-22ಕ್ಕೆ 2,23,333, 2022-23ಕ್ಕೆ 2,12,249, 2023-24ಕ್ಕೆ 2,03,544. ಏರಿಕೆ ಎಲ್ಲಿದೆ?

ಚುಕ್ಕೆಯನ್ನು 14ರಿಂದ ಗುಣಿಸಿ ಸುಟ್ಟ ಜಾಗ ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಆ ಚೌಕದೊಳಗೆ ಎಲ್ಲೋ ಬಿಸಿ ಇತ್ತು ಅನ್ನುವುದಷ್ಟೇ ಚುಕ್ಕೆಯ ಅರ್ಥ. ಉಪಗ್ರಹ ಹಾದುಹೋಗುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಮೂರು ಗಂಟೆಗೆ ಹತ್ತಿ ಸಂಜೆಯೊಳಗೆ ಗುಡ್ಡ ಬೋಳಿಸಿದ ಹುಲ್ಲಿನ ಬೆಂಕಿ ಲೆಕ್ಕಕ್ಕೇ ಬರುವುದಿಲ್ಲ.

ಒಣತೂಕ

ಗುಣಾಂಕ ಒಂದೇ ಅಲ್ಲ. ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) 2006ರ ಸೂತ್ರ ಸರಳ: ಸುಟ್ಟ ಹೆಕ್ಟೇರ್ × ಹೆಕ್ಟೇರಿಗೆ ಒಣ ಇಂಧನ (ಟನ್) × ದಹನಾಂಶ (ಇಂಧನದಲ್ಲಿ ನಿಜಕ್ಕೂ ಸುಡುವ ಪಾಲು) × ಕೆ.ಜಿ. ಒಣ ಇಂಧನಕ್ಕೆ ಬರುವ ಅನಿಲ (ಗ್ರಾಂ) ÷ 1000. ಉತ್ತರ ಟನ್‌ಗಳಲ್ಲಿ.

ಹುಲ್ಲುಗಾವಲಿಗೆ ಹೆಕ್ಟೇರಿಗೆ 5 ಟನ್ ಒಣ ಹುಲ್ಲು ಇದೆ ಅಂತಿಟ್ಟುಕೊಳ್ಳಿ. ಬೇಸಿಗೆ ನಡುವಿನ ಬೆಂಕಿಗೆ ದಹನಾಂಶ 0.77. ಸುಟ್ಟದ್ದು 385 ಟನ್. ಮೀಥೇನ್ ಕೆ.ಜಿ.ಗೆ 2.3 ಗ್ರಾಂ, ಅಂದರೆ 0.89 ಟನ್. ನೈಟ್ರಸ್ ಆಕ್ಸೈಡ್ 0.21 ಗ್ರಾಂ, ಅಂದರೆ 0.081 ಟನ್. ಒಂದು ಟನ್ ಮೀಥೇನ್, ಒಂದು ಟನ್ ನೈಟ್ರಸ್ ಎಷ್ಟು ಟನ್ ಕಾರ್ಬನ್ ಡೈಆಕ್ಸೈಡ್‌ನಷ್ಟು ಬಿಸಿ ಮಾಡುತ್ತವೆ ಎಂಬುದಕ್ಕೆ ಐಪಿಸಿಸಿಯ ಐದನೇ ವರದಿಯ 28 ಮತ್ತು 265 ಹಾಕಿದರೆ ಒಟ್ಟು ಸುಮಾರು 46 ಟನ್ ಕಾರ್ಬನ್ ಡೈಆಕ್ಸೈಡ್ ಸಮಾನ. ನೇರ ಕಾರ್ಬನ್ ಡೈಆಕ್ಸೈಡ್ 621 ಟನ್ ಬರುತ್ತದೆ, ಆದರೆ ಮುಂದಿನ ಮಳೆಗೆ ಹುಲ್ಲು ಅದನ್ನು ವಾಪಸ್ ಎಳೆದುಕೊಳ್ಳುತ್ತದೆ ಎಂದು ಐಪಿಸಿಸಿಯ ಮೊದಲ ಹಂತದ (ಅತಿ ಸರಳ) ಲೆಕ್ಕದಲ್ಲಿ ಸೇರಿಸುವುದಿಲ್ಲ.

ಮುತ್ತೋಡಿ ಕಡೆ ಉರಿಯುವುದು ಹೆಚ್ಚಾಗಿ ತರಗೆಲೆ, ಒಣ ಹುಲ್ಲು, ಲಂಟಾನ. ಮರ ನಿಂತೇ ಇರುತ್ತದೆ. ತರಗೆಲೆ 6 ಟನ್, ದಹನಾಂಶ 0.8 ಎಂದರೆ 480 ಟನ್. ಉಷ್ಣವಲಯದ ಕಾಡಿನ ಮೀಥೇನ್ 6.8 ಗ್ರಾಂ, ನೈಟ್ರಸ್ 0.20. ಒಟ್ಟು 117 ಟನ್ ಸಮಾನ. ಹೊಗೆಯಾಡುತ್ತ ಸುಡುವ ಇಂಧನಕ್ಕೆ ಮೀಥೇನ್ ಜಾಸ್ತಿ, ಭುಗ್ಗೆಂದು ಉರಿಯುವ ಹುಲ್ಲಿಗೆ ಕಡಿಮೆ. ವ್ಯತ್ಯಾಸದ ಮೂಲ ಅಲ್ಲಿದೆ.

ಎಲ್ಲರೂ ಎಡವುವ ಜಾಗ ಇಲ್ಲೇ: ಐಪಿಸಿಸಿ ಕೋಷ್ಟಕದಲ್ಲಿ ಉಷ್ಣವಲಯದ ಮೂಲ ಕಾಡಿಗೆ ಹೆಕ್ಟೇರಿಗೆ 83.9 ಟನ್ ಸುಡುತ್ತದೆ ಎಂದಿದೆ. ಅದು ಕಡಿದು ಒಣಗಿಸಿ ಸುಟ್ಟ ಕಾಡಿನ ಅಳತೆ. ನೆಲದ ಬೆಂಕಿಗೆ ಅದನ್ನು ಹಾಕಿದರೆ ಉತ್ತರ ಹದಿನೇಳು ಪಟ್ಟು ಉಬ್ಬುತ್ತದೆ.

ಗಿರಿಸಾಲು

5 ಟನ್, 6 ಟನ್ ಅನ್ನುವುದನ್ನು ಸ್ಥಳದಲ್ಲೇ ಅಳೆಯುವುದು ಹೇಗೆ? ಸುಟ್ಟ ಜಾಗವನ್ನೂ.

ಒಣತೂಕ

1 ಮೀ. × 1 ಮೀ. ಚೌಕಟ್ಟು. ಹುಲ್ಲಾದರೆ ನೆಲಕ್ಕೆ ಸರಿಯಾಗಿ ಕೊಯ್ಯಿರಿ, ತರಗೆಲೆಯಾದರೆ ಮಣ್ಣು ಬರದಂತೆ ಬಾಚಿ. ಅಲ್ಲೇ ತೂಗಿ, ಒಂದು ಪಾಲು ಚೀಲಕ್ಕೆ ಹಾಕಿ 70–80 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಹಸಿ ತೂಕವನ್ನೇ ಸೂತ್ರಕ್ಕೆ ಹಾಕುವವರಿದ್ದಾರೆ, ಡಿಸೆಂಬರ್‌ನಲ್ಲಿ ಕೊಯ್ದ ಹುಲ್ಲಿಗೆ ಅದರಿಂದ ಲೆಕ್ಕವೇ ಕೆಡುತ್ತದೆ. ಸುಟ್ಟ ಮೇಲೆ ಪಕ್ಕದಲ್ಲೇ ಮತ್ತೆ ಚೌಕಟ್ಟು ಇಡಿ: ಬುಡದಲ್ಲಿ ಎರಡು ಮೂರು ಇಂಚು ಕರಿ ಕೂಳೆ ಉಳಿದಿರುತ್ತದೆ, ಅದರ ಒಣ ತೂಕವನ್ನು ಮೊದಲಿನ ಒಣ ತೂಕದಿಂದ ಕಳೆದು, ಉಳಿದದ್ದನ್ನು ಮೊದಲಿನ ತೂಕದಿಂದ ಭಾಗಿಸಿದರೆ ನಿಮ್ಮದೇ ದಹನಾಂಶ.

ಗುಡ್ಡದಲ್ಲಿ ಇಳಿಜಾರು ಮರೆಯಬೇಡಿ. 30 ಡಿಗ್ರಿ ಇಳಿಜಾರಿನ ಮೇಲೆ ಮಲಗಿಸಿದ ಚೌಕಟ್ಟು ನಕ್ಷೆಯಲ್ಲಿ 0.87 ಚದರ ಮೀಟರ್ ಮಾತ್ರ. ನಕ್ಷೆಯ ಹೆಕ್ಟೇರಿಗೆ ಗುಣಿಸುವ ಮುನ್ನ 0.87ರಿಂದ ಭಾಗಿಸಿ.

ಉಪಗ್ರಹದ ಕಣ್ಣು

ಸುಟ್ಟ ಜಾಗಕ್ಕೆ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು. ಬೆಂಕಿಗೆ ಮೊದಲಿನ ಮತ್ತು ನಂತರದ ಚಿತ್ರಗಳ ಬ್ಯಾಂಡ್ 8, 12ರಿಂದ ಸುಟ್ಟ ಸೂಚ್ಯಂಕ ತೆಗೆದು ವ್ಯತ್ಯಾಸ ನೋಡಿ. ನಂತರದ ಚಿತ್ರ ಆದಷ್ಟು ಬೇಗ ಬೇಕು, ಏಪ್ರಿಲ್‌ನ ಒಂದೆರಡು ಮಳೆ ಬಿದ್ದರೆ ಕರಿ ಗುರುತಿನ ಮೇಲೆ ಹಸಿರು ಚಿಗುರಿ ಗಡಿ ಮಾಯವಾಗುತ್ತದೆ. ಜನವರಿಯಲ್ಲಿ ಸೂರ್ಯ ಓರೆಯಾಗಿರುವುದರಿಂದ ಗುಡ್ಡದ ನೆರಳೂ ಸುಟ್ಟಂತೆ ತೋರುತ್ತದೆ. ಶೋಲಾ (ಗುಡ್ಡದ ಕಣಿವೆಯ ನಿತ್ಯಹಸಿರು ಕಾಡು) ಅಂಚಿನಲ್ಲಿ ಬೆಂಕಿ ಹೆಚ್ಚಾಗಿ ತೇವಕ್ಕೆ ನಿಲ್ಲುತ್ತದೆ, ಅಲ್ಲಿನ 20 ಮೀಟರ್ ಚೌಕಗಳು ಮಿಶ್ರವಾಗಿರುತ್ತವೆ, ಕೈಯಾರೆ ತಿದ್ದಬೇಕು.

ಬಿಸ್ಲೆ ಘಾಟ್, ಹಾಸನ

ಎಲ್ಲ ಸರಿ. ದೇಶದ ಗ್ರಾಫ್‌ಗೆ ಎರಡು ಮಾತು ಬಿಟ್ಟುಹೋಗಿವೆ. ಭಾರತದ ಅಧಿಕೃತ ಲೆಕ್ಕದಲ್ಲಿ ಕಾಡಿನ ಇಂಗಾಲವನ್ನು ಎರಡು ಸಮೀಕ್ಷೆಗಳ ದಾಸ್ತಾನಿನ ವ್ಯತ್ಯಾಸದಿಂದ ತೆಗೆಯುತ್ತಾರೆ. ಬೆಂಕಿಯಲ್ಲಿ ಹೋದ ಇಂಗಾಲ ಆ ವ್ಯತ್ಯಾಸದಲ್ಲೇ ಇದೆ. ಅದರ ಮೇಲೆ ಮತ್ತೆ ಬೆಂಕಿಯ ಕಾರ್ಬನ್ ಡೈಆಕ್ಸೈಡ್ ಕೂಡಿಸಿದರೆ ಒಂದನ್ನೇ ಎರಡು ಸಲ ಎಣಿಸಿದಂತೆ. ಮೀಥೇನ್, ನೈಟ್ರಸ್ ಮಾತ್ರ ಕೂಡಿಸಿ. ಇನ್ನೊಂದು, ಜಿಎಫ್‌ಇಡಿಯಿಂದ (ಜಗತ್ತಿನ ಬೆಂಕಿ ಅನಿಲದ ದತ್ತಾಂಶ ಕೋಶ) ಭಾರತದ ಒಟ್ಟು ಮೊತ್ತ ಇಳಿಸಿಕೊಂಡರೆ ಪಂಜಾಬಿನ ಭತ್ತದ ಕೂಳೆಯ ಹೊಗೆಯೂ ಅದರಲ್ಲಿ ಬರುತ್ತದೆ. ಕೃಷಿ ತ್ಯಾಜ್ಯದ ಕಾಲಂ ತೆಗೆದುಹಾಕಿ. ತಿಂಗಳವಾರು ನೋಡಿದರೆ ಗೊತ್ತಾಗುತ್ತದೆ: ಅಕ್ಟೋಬರ್-ನವೆಂಬರ್‌ನಲ್ಲಿ ಏರಿದ್ದರೆ ಅದು ಗದ್ದೆ, ಮಾರ್ಚ್-ಏಪ್ರಿಲ್‌ನಲ್ಲಿ ಏರಿದ್ದರೆ ಬಹುಪಾಲು ಕಾಡು.

ಹಳೆಯ ವರದಿಗಳಲ್ಲಿ ಮೀಥೇನ್‌ಗೆ 21, ನೈಟ್ರಸ್‌ಗೆ 310 ಇರುತ್ತದೆ. ಸಮಾನ ಟನ್‌ಗಳನ್ನು ಹಾಗೇ ಎತ್ತಿಕೊಳ್ಳದೆ ಅನಿಲದ ಟನ್‌ಗಳನ್ನು ತೆಗೆದುಕೊಂಡು ಎಲ್ಲ ವರ್ಷಕ್ಕೂ 28 ಮತ್ತು 265ನ್ನೇ ಹಾಕಿ.