ಪ್ರಶ್ನೋತ್ತರ: ಏರಿ, ಗೇಟು, ನಲ್ಲಿ ನೀರು – ಅಣೆಕಟ್ಟು ಎಂಜಿನಿಯರನ್ನು ಕೇಳಿ

ನಿರ್ವಾಹಕ: ಅಣೆಕಟ್ಟು ಸುರಕ್ಷತೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಸರ್ ಇವತ್ತು ಸಂಜೆವರೆಗೆ ಇರುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹೊಳೆದಂಡೆ: ಸರ್, ಗೇಟ್ ತೆಗೆದರು ಅಂದರೆ ಡ್ಯಾಮಿಗೆ ಅಪಾಯ ಅಂತಲೇ ಅರ್ಥವೇ?

ಎಂಜಿನಿಯರ್: ಅಲ್ಲ. ಒಳಹರಿವು ಹೆಚ್ಚಾದರೆ ತೆಗೆಯಲೆಂದೇ ಗೇಟ್ ಇರೋದು. ತೆಗೆಯಬೇಕಾದಾಗ ಅದು ಏಳದಿದ್ದರೆ ಅಪಾಯ. ಸೈರನ್ ಕೇಳಿದರೆ ಹೊಳೆಗೆ ಇಳಿದವರು ಮೇಲೆ ಬನ್ನಿ, ವಿಡಿಯೊ ಆಮೇಲೆ.

ಮಳೆಲೆಕ್ಕ: 2024ರ ಆಗಸ್ಟಿನಲ್ಲಿ ತುಂಗಭದ್ರಾದ 19ನೇ ಗೇಟ್ ಕೊಚ್ಚಿಹೋದಾಗ 33 ಗೇಟಿಂದಲೂ ನೀರು ಬಿಟ್ಟರಲ್ಲ, ಪೋಲಲ್ಲವೇ?

ಎಂಜಿನಿಯರ್: ಚೈನ್ ತುಂಡಾಗಿ ಗೇಟೇ ಹೋಗಿತ್ತು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸಬೇಕಿತ್ತು. ಅಷ್ಟು ರಭಸದ ನೀರಿನಲ್ಲಿ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ಒಂದರ ಮೇಲೊಂದು ಇಳಿಸುವ ತಾತ್ಕಾಲಿಕ ತಡೆ ಹಲಗೆ) ಕೂರಿಸುವುದೂ ಹುಡುಗಾಟವಲ್ಲ. ವಾರದೊಳಗೆ ಕೂರಿಸಿದರು.

ಏರಿಬುಡ: ಸರ್, ನಮ್ಮದು ಮಣ್ಣಿನ ಏರಿ, ಕೆರೆ ಕೋಡಿ ಬೀಳುವಷ್ಟು ತುಂಬಿದೆ. ಕೆಳಮಗ್ಗುಲಲ್ಲಿ ತೂಬಿನ ಪಕ್ಕ ಮೂರು ದಿನದಿಂದ ಜಿನುಗುತ್ತಿತ್ತು. ಇವತ್ತು ನೆಲದಿಂದ ಬುಗ್ಗೆ ಥರ ಬರುತ್ತಿದೆ, ಸುತ್ತ ಇರುವೆಗೂಡಿನ ಹಾಗೆ ನುಣ್ಣನೆ ಮರಳು. ಮಧ್ಯಾಹ್ನ ಸಿಮೆಂಟ್ ಮೂಟೆ ತಂದು ಮುಚ್ಚೋಣ ಅಂತಿದ್ದೇವೆ.

ಎಂಜಿನಿಯರ್: ಮುಚ್ಚಬೇಡಿ. ಉಳಿದವರು ಸ್ವಲ್ಪ ತಡೆಯಿರಿ.

ಮಣ್ಣಿನ ಏರಿ ಜಿನುಗುವುದು ಸಹಜ. ತಿಳಿನೀರು ದಿನವೂ ಒಂದೇ ಪ್ರಮಾಣದಲ್ಲಿ ಬಂದರೆ ಅಳೆದು ಬರೆದಿಟ್ಟರೆ ಸಾಕು. ನೀವು ಹೇಳಿದ ಮರಳಿನ ಉಂಗುರ ಇದೆಯಲ್ಲ, ಅದು ಏರಿಯ ಹೊಟ್ಟೆಯೊಳಗಿನ ಮಣ್ಣು. ನೀರು ಅದನ್ನು ಹೊರಗೆ ಹೊತ್ತು ತರುತ್ತಿದೆ, ಒಳಗೆ ಕೊಳವೆ ಕೊರೆಯುತ್ತಿದೆ. ಸಿಮೆಂಟ್ ಹಾಕಿ ಬಾಯಿ ಕಟ್ಟಿದರೆ ನೀರು ನಿಲ್ಲುವುದಿಲ್ಲ, ಒತ್ತಡ ಏರಿ ನಿಮಗೆ ಕಾಣದ ಜಾಗದಲ್ಲಿ ಒಡೆದುಕೊಳ್ಳುತ್ತದೆ. ಗೊತ್ತಿದ್ದವರು ಬುಗ್ಗೆಯ ಸುತ್ತ ಮರಳಿನ ಮೂಟೆ ಕಟ್ಟಿ ನೀರು ಕೊಂಚ ಮೇಲೇರಲು ಬಿಡುತ್ತಾರೆ. ಒಳಗೆ ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡದು. ನೀರು ಹೋಗಬೇಕು, ಮಣ್ಣು ಉಳಿಯಬೇಕು. ಅದನ್ನೂ ನೀವಾಗಿ ಮಾಡಲು ಹೋಗಬೇಡಿ.

ತೂಬು ಎತ್ತಿ ಕೆರೆ ಖಾಲಿ ಮಾಡೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಟ್ಟ ಇಳಿಸಬೇಕು, ನಿಜ. ಆದರೆ ಸೋರುತ್ತಿರುವುದು ತೂಬಿನ ಪಕ್ಕವೇ, ಅದರೊಳಗೆ ನೀರು ನುಗ್ಗಿಸಿದರೆ ಹೆಚ್ಚಾಗಬಹುದು. ತೀರಾ ಬೇಗ ಇಳಿಸಿದರೆ ನೀರಿನ ಮಗ್ಗುಲ ಇಳಿಜಾರೂ ಕುಸಿಯುತ್ತದೆ. ಎಷ್ಟು, ಎಲ್ಲಿಂದ ಅನ್ನುವುದನ್ನು ಕೆರೆ ನೋಡಿಕೊಳ್ಳುವ ಇಲಾಖೆಯ ಎಂಜಿನಿಯರ್ ಸ್ಥಳಕ್ಕೆ ಬಂದು ಹೇಳಬೇಕು.

ಅಮೆರಿಕದ ಟೀಟನ್ ಅಣೆಕಟ್ಟು, 1976ರ ಜೂನ್ 5. ಬೆಳಿಗ್ಗೆ ಬಗ್ಗಡ ನೀರು ಕಂಡಿತು. ತೂತು ತುಂಬಲು ಹೋದ ಬುಲ್ಡೋಜರುಗಳನ್ನೇ ಅದು ನುಂಗಿತು. ಮಧ್ಯಾಹ್ನ 12 ಆಗುವ ಮೊದಲೇ ಏರಿ ಹೋಯಿತು, 11 ಜನ ಸತ್ತರು. ನಿಮಗೆ ಮೂರು ದಿನ ಆಗಿದೆ ಅಂತ ಸಮಾಧಾನ ಪಡಬೇಡಿ. ಈಗಲೇ ಫೋನ್ ಮಾಡಿ. ಕೆಳಗಿನ ಮನೆಯವರನ್ನು ಹೊಳೆಯ ಗುಂಟ ಅಲ್ಲ, ಅಡ್ಡಕ್ಕೆ ಎತ್ತರದ ಕಡೆ ಕಳಿಸಿ. ಗಾಜಿನ ಬಾಟಲಿಯಲ್ಲಿ ಈಗೊಮ್ಮೆ, ಅರ್ಧ ಗಂಟೆ ಬಿಟ್ಟು ಒಮ್ಮೆ ನೀರು ಹಿಡಿದಿಡಿ. ಬುಗ್ಗೆಯ ಬಾಯಲ್ಲಿ ಅಲ್ಲ, ದೂರದ ಕಾಲುವೆಯಲ್ಲಿ.

ತಂಪುನೆರಳು: ಫಾರ್ವರ್ಡ್: ಸುಣ್ಣ, ಸಿಮೆಂಟ್, ಮರದ ಹೊಟ್ಟು ಸಮ ಕಲಸಿ ತುರುಕಿದರೆ ಎಂಥ ಏರಿ ಸೋರಿಕೆಯೂ ಹತ್ತೇ ನಿಮಿಷದಲ್ಲಿ ಬಂದ್. ಹತ್ತು ಜನಕ್ಕೆ ಕಳಿಸಿ 🙏

ಎಂಜಿನಿಯರ್: ಮೇಲೆ ಇಷ್ಟುದ್ದ ಬರೆದದ್ದು ಯಾರಿಗೆ? ಅಳಿಸಿ.

ತಂಪುನೆರಳು: ಒಳ್ಳೆಯದಕ್ಕೇ ಹಾಕಿದ್ದು ಸರ್. ಪಟಿಕ ಹಾಕಿದರೆ ನೆರೆನೀರು ಕುಡಿಯಬಹುದು ಅಂತಲೂ ಬಂದಿದೆ, ಅದೂ ಸುಳ್ಳೇ?

ಎಂಜಿನಿಯರ್: ಪಟಿಕದಿಂದ ಕೆಸರು ತಳಕ್ಕೆ ಕೂರುತ್ತದೆ, ರೋಗಾಣು ಸಾಯುವುದಿಲ್ಲ. ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಎಣ್ಣೆ, ಕೀಟನಾಶಕ ಸೇರಿದ್ದರೆ ಕುದಿಸಿದರೂ ಹೋಗಲ್ಲ, ಬೇರೆ ನೀರು ನೋಡಿ. ಪೈಪಿನಲ್ಲಿ ಒತ್ತಡ ಕಡಿಮೆಯಾದರೆ ಬಿರುಕಿನಿಂದ ಕೊಳೆನೀರು ಒಳಗೆ ಎಳೆಯುತ್ತದೆ. ಹಾಗಾಗಿ ನಲ್ಲಿ ನೀರು ತಿಳಿಯಾಗಿ ಕಂಡರೂ ಸದ್ಯಕ್ಕೆ ನಂಬಬೇಡಿ.

ಮಳೆಲೆಕ್ಕ: ನೆರೆ ಬರೋದೇ ಡ್ಯಾಮಿನವರು ಕೊನೇ ದಿನದ ತನಕ ತುಂಬಿಸಿಟ್ಟುಕೊಳ್ಳೋದರಿಂದ.

ಹೊಳೆದಂಡೆ: ಮೊದಲೇ ಖಾಲಿ ಮಾಡಿ, ಆಮೇಲೆ ಮಳೆ ಬರದಿದ್ದರೆ ಬೇಸಿಗೆಯಲ್ಲಿ ಬೈಯುವವರೂ ನೀವೇ.

ಮಳೆಲೆಕ್ಕ: ನಿಮ್ಮ ಮನೆಗೆ ನೀರು ನುಗ್ಗಿದ್ದರೆ ಈ ಪಾಠ ಬರುತ್ತಿರಲಿಲ್ಲ.

ಹೊಳೆದಂಡೆ: ಎರಡು ಸಲ ನುಗ್ಗಿದೆ ಸ್ವಾಮಿ. ಹೆಸರು ನೋಡಿ ಮಾತಾಡಿ.

ಪಂಪ್‌ಮನೆ: ಸರ್, ನಮ್ಮ ಓವರ್‌ಹೆಡ್ ಟ್ಯಾಂಕಿನ ಕಂಬದಲ್ಲಿ ಕಬ್ಬಿಣ ಕಾಣುತ್ತಿದೆ, ತುಂಬಿಸಬಹುದೇ?

ಗದ್ದೆಬದು: ಗೇಟ್ ತೆಗೆದರೆ ಡ್ಯಾಮಿಗೆ ಅಪಾಯವೇ ಸರ್?

ಎಂಜಿನಿಯರ್: ಮೇಲೆ ಓದಿ.

ನಿರ್ವಾಹಕ: ಮಳೆಲೆಕ್ಕ, ಹೊಳೆದಂಡೆ, ಇಬ್ಬರೂ ಸಾಕು.

ಮಳೆಲೆಕ್ಕ: ನನಗೊಬ್ಬನಿಗೇ ಹೇಳಿದ ಹಾಗಿದೆ.

ಎಂಜಿನಿಯರ್: ಏರಿಬುಡ, ಫೋನ್ ಮಾಡಿದಿರಾ?

ಏರಿಬುಡ: ಮಾಡಿದೆವು, ಹೊರಟಿದ್ದಾರಂತೆ. ಕೆಳಗಿನ ಮನೆಯವರು ಶಾಲೆ ದಿಣ್ಣೆಗೆ ಹೋದರು, ಇಬ್ಬರು ಅಜ್ಜಂದಿರು ಒಪ್ಪುತ್ತಿಲ್ಲ. ಮೊದಲ ಬಾಟಲಿ ತಳದಲ್ಲಿ ಉಗುರಿನಷ್ಟು ಮಣ್ಣು ಕೂತಿದೆ. ಎರಡನೆಯದರಲ್ಲಿ ಒಂದು ಬೆರಳು. ಹತ್ತಿರ ಹೋಗಿ ಫೋಟೊ ತೆಗೆಯಲೇ?

ಎಂಜಿನಿಯರ್: ಬೇಡ. ಏರಿ ಮೇಲೆ ಒಬ್ಬರೂ ಇರಕೂಡದು. ಅಜ್ಜಂದಿರನ್ನು ಎತ್ತಿಕೊಂಡಾದರೂ ಹೋಗಿ. ನಂಬರ್ ಇನ್‌ಬಾಕ್ಸ್‌ಗೆ ಕಳಿಸಿ, ನಾನೇ ಮಾತಾಡುತ್ತೇನೆ.

ಪಂಪ್‌ಮನೆ: ಸರ್, ಟ್ಯಾಂಕ್ ವಿಷಯ?

ತಂಪುನೆರಳು: ಪಂಪ್‌ಮನೆಯವರೇ, ಅದಕ್ಕೊಂದು ಮೆಸೇಜ್ ಇದೆ, ಹಾಕಲೇ?